ಲಾಭದ ಬಳ್ಳಿ

ಹೊಳೆವ್ವನಿಗೆ ಒಂದು ಚಟವಿತ್ತು. ಎಲೆ ಅಡಿಕೆಯ ಚಟವಲ್ಲ, ಚಾಡಿ ಹೇಳುವ ಚಟವೂ ಅಲ್ಲ. ಅವೆರಡರಲ್ಲಿ ಒಂದಾದರೂ ಇದ್ದಿದ್ದರೆ ಅನಂತಪುರದ ಹೆಂಗಸರು ಮೊದಲ ದಿನವೇ ಅವಳನ್ನು ತಮ್ಮವಳೆಂದು ಒಪ್ಪಿಕೊಂಡುಬಿಡುತ್ತಿದ್ದರು. ಅವಳದು ಸಂಖ್ಯೆ ಒಡೆಯುವ ಚಟ. ಕಣ್ಣಿಗೆ ಒಂದು ಸಂಖ್ಯೆ ಬಿದ್ದರೆ ಸಾಕು, ಅದು ಯಾವ ಯಾವುದನ್ನು ಗುಣಿಸಿದರೆ ಹುಟ್ಟುತ್ತದೆ ಎಂದು ಬಿಡಿಸಿ ನೋಡುವ ತನಕ ಅವಳಿಗೆ ಸಮಾಧಾನವಿಲ್ಲ. ಬಸ್ಸಿನ ಟಿಕೀಟು, ರಸ್ತೆ ಬದಿಯ ಕಲ್ಲು, ಗೊಬ್ಬರದ ಚೀಲ, ಯಾವುದರ ಮೇಲಿನ ಅಂಕಿಯಾದರೂ ಸರಿ. ಉಗಾರ ಬುದ್ರುಕದಲ್ಲಿ ಹೊಳೆದಂಡೆಯ ಎರಡೆಕರೆಯವರ ಮಗಳು. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ನೂರಕ್ಕೆ ತೊಂಬತ್ತೇಳು ತೆಗೆದಿದ್ದಳು. ನೂರು ಬರಲಿಲ್ಲವಲ್ಲ ಎಂದು ಮಾಸ್ತರರು ಮರುಗಿದರೆ, "ಇರ್ಲಿ ಬಿಡ್ರಿ ಸರ್, ನೂರನ್ನ ಯಾರ ಬೇಕಾದ್ರೂ ಒಡೀತಾರ. ತೊಂಬತ್ತೇಳು ಯಾರಿಗೂ ಒಡ್ಯಾಕ ಬರೂದಿಲ್ಲ" ಅಂದವಳು.

ಇಂಥವಳು ಎಂಬತ್ತಮೂರರ ಬೇಸಿಗೆಯಲ್ಲಿ ಅನಂತಪುರದ ವಿರುಪಾಕ್ಷಪ್ಪನ ಮನೆಗೆ ಕಿರಿಯ ಸೊಸೆಯಾಗಿ ಬಂದಳು. ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತರು. ಒಡಪು ಕಟ್ಟಿ ಗಂಡನ ಹೆಸರು ಹೇಳದೆ ಒಳಗೆ ಬಿಡುವಂತಿಲ್ಲ. ತವರಿನಿಂದ ಕಲಿತು ತಂದಿದ್ದ ಒಡಪು ಗಾಬರಿಯಲ್ಲಿ ಮರೆತುಹೋಗಿತ್ತು. ತಲೆ ಎತ್ತಿ ನೋಡಿದರೆ, ಬಾಗಿಲ ಚೌಕಟ್ಟಿನ ಮೇಲೆ ಮಲೇರಿಯಾದವರು ಬರೆದುಹೋದ ಮನೆ ನಂಬರು ಕಾಣಿಸಿತು, 221. ನಾಲಿಗೆ ತಾನಾಗಿ ಹೊರಳಿತು.

"ಹದಿಮೂರು ಹದಿನೇಳಲೆ ಎರಡನೂರಾ ಇಪ್ಪತ್ತೊಂದು, ಅಣ್ಣಾಸಾಬರ ಮನಿಗೆ ನಾ ಬಂದೆ ಇಂದು."

ಹೆಂಗಸರು ಮುಖ ಮುಖ ನೋಡಿಕೊಂಡರು. ಹಿರಿಯ ಸೊಸೆ ಚನ್ನವ್ವ ಕೇಳಿಯೇಬಿಟ್ಟಳು. "ಇದ್ಯಾವ ಒಡಪವ್ವಾ? ಮಗ್ಗಿ ಹೇಳಾಕ ಬಂದೀಯೋ, ಸಂಸಾರ ಮಾಡಾಕ ಬಂದೀಯೋ?" ಕಟ್ಟೆಯ ಮೇಲೆ ಕುಳಿತಿದ್ದ ವಿರುಪಾಕ್ಷಪ್ಪ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿ, ಬಹಳ ಹೊತ್ತಿನ ಮೇಲೆ, "ಖರೇನ ಐತಿ, ಒಳಗ ಬಿಡ್ರಿ" ಎಂದ. ಮಾವನಿಗೂ ಸೊಸೆಗೂ ಆಗಲೇ ಸ್ನೇಹ ಕುದುರಿತು.

ಚನ್ನವ್ವ ಕೆಟ್ಟವಳಲ್ಲ. ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುವ ಜಾತಿ, ಆದರೆ ಬಾಯಿ ಬೊಂಬಾಯಿ. ಸಂಖ್ಯೆ ಒಡೆಯುವ ಹುಚ್ಚು ತಿಳಿದಮೇಲೆ ಓಣಿಯಲ್ಲಿ ಯಾರಾದರೂ "ನಿನ್ನ ನೆಗೆಣ್ಣಿ ಹೆಂಗದಾಳ?" ಎಂದು ಕೇಳಿದರೆ, "ಒಡೀತಾಳವ್ವಾ. ಇವತ್ತ ಅಂಕಿ ಒಡೀತಾಳ, ನಾಳೆ ಮನಿ ಒಡೀತಾಳ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಹೊಳೆವ್ವನೂ ನಗುತ್ತಿದ್ದಳು. ಆದರೆ ಆ ಮಾತು ಅವಳಿಗೆ ಪ್ರತಿ ಸಲವೂ ನೋಯುತ್ತಿತ್ತು. ಅವಳಿಗೆ ಹತ್ತು ವರ್ಷವಾಗಿದ್ದಾಗ ತವರಿನಲ್ಲಿ ಅಪ್ಪ ಮತ್ತು ಕಾಕಾ ಬೇರೆಯಾಗಿ, ಅಂಗಳದ ನಟ್ಟನಡುವೆ ಗೋಡೆ ಎದ್ದಿತ್ತು. ಕಾಕಾನ ಮಗಳು ಗೋಡೆಯ ಆಚೆಯಿಂದ ಕರೆದರೂ ಓಗೊಡಬಾರದು ಎಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು. ಜಗತ್ತಿನಲ್ಲಿ ಏನನ್ನು ಬೇಕಾದರೂ ಒಡೆಯಬಹುದು, ಮನೆಯನ್ನು ಮಾತ್ರ ಅಲ್ಲ ಎಂದು ಹೊಳೆವ್ವ ಆಗಲೇ ಕಲಿತಿದ್ದಳು.

ಎಂಬತ್ತೈದರಲ್ಲಿ ವಿರುಪಾಕ್ಷಪ್ಪ ಬಾವಿಯ ಪಕ್ಕದ ಮೂರೆಕರೆಯಲ್ಲಿ ದ್ರಾಕ್ಷಿ ಪಡ, ಅಂದರೆ ತೋಟ, ಮಾಡಲು ಹೊರಟ. ಸಸಿಗೆ ತಾಸಗಾಂವಕ್ಕೆ ಹೋಗುವ ಮುಂಚಿನ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿರಿಯ ಸೊಸೆಯನ್ನು ಕೇಳಿದ.

"ಹೊಳೆವ್ವಾ, ಒಂದ ಲೆಕ್ಕ ಐತಿ. ಚಾಟನಿ ಮಾಡಾಕ ಆಳು ಬರ್ತಾರಲಾ, ಒಮ್ಮೆ ಐದು ಮಂದಿ ಬರ್ತಾರ, ಒಮ್ಮೆ ಏಳು, ಒಮ್ಮೆ ಒಂಬತ್ತು. ಬಳ್ಳಿ ಸಮಾ ಹಂಚದಿದ್ರ ನನಗ ಹೆಚ್ಚಾತು, ನಿನಗ ಕಡಿಮಿ ಆತು ಅಂತ ಬಡದಾಡ್ತಾರ. ಎಷ್ಟ ಮಂದಿ ಬಂದ್ರೂ ಒಂದೂ ಉಳೀಬಾರ್ದು, ಹಂಗ ಎಷ್ಟ ಸಸಿ ತರ್ಲಿ?"

ಚಾಟನಿ ಎಂದರೆ ಬಳ್ಳಿ ಸವರುವ ಕೆಲಸ. ರೊಟ್ಟಿ ಬಡಿಯುತ್ತಿದ್ದ ಹೊಳೆವ್ವನ ಕೈ ನಿಂತಿತು. ಮದುವೆಯಾಗಿ ಎರಡು ವರ್ಷದಲ್ಲಿ ಇಷ್ಟು ಚಂದದ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

"ಎಂಟು ತಗೊಳ್ರಿ ಮಾವಾರ, ಅದರಾಗ ಎರಡೂ ನಾಕೂ ಬಂದ್ವು. ಒಂಬತ್ತು ತಗೊಳ್ರಿ, ಮೂರು ಬಂತು. ಎರಡೂ ಕೂಡಿದ್ರ ಆರಕ್ಕೂ ಆತು. ಐದು ತಗೊಳ್ರಿ, ಹತ್ತಕ್ಕ ಬ್ಯಾರೆ ಚಿಂತಿಲ್ಲ. ಉಳದದ್ದು ಏಳೊಂದ. ಎಂಟು ಒಂಬತ್ತಲೆ ಎಪ್ಪತ್ತೆರಡು, ಅದರ ಐದರಷ್ಟು ಮುನ್ನೂರಾ ಅರವತ್ತು, ಅದರ ಏಳರಷ್ಟು ಎರಡು ಸಾವಿರದ ಐದನೂರಾ ಇಪ್ಪತ್ತು. ಒಬ್ಬರಿಂದ ಹತ್ತು ಮಂದಿ ತನಕ ಎಷ್ಟರ ಬರ್ಲಿ, ಒಂದೂ ಉಳಿಯೂದಿಲ್ಲ. ಇದಕ್ಕಿಂತ ಸಣ್ಣ ಸಂಖ್ಯೆಗೆ ಈ ಗುಣ ಇಲ್ರಿ."

"ಇಬ್ಬರು ಬಂದ್ರ?"

"ತಲೆಗೆ ಸಾವಿರದ ಎರಡನೂರಾ ಅರವತ್ತು. ಮೂವರು ಬಂದ್ರ ಎಂಟನೂರಾ ನಲವತ್ತು. ಏಳು ಮಂದಿಗೆ ಮುನ್ನೂರಾ ಅರವತ್ತು." ಅವಳ ಮುಖ ಹಬ್ಬದ ದಿನದಂತೆ ಅರಳಿತ್ತು. "ಸಾಲಿಗೆ ಅರವತ್ತರಂಗ ನಲವತ್ತೆರಡು ಸಾಲು ಹಾಕ್ರಿ, ಹೊಲಕ್ಕ ಸರಿಹೋಗ್ತೈತಿ. ಭಾಳ ಧಾರಾಳಿ ಸಂಖ್ಯೆರೀ ಅದು, ಬಂದವರನ್ನ ಬರಿಗೈಲೆ ಕಳಸೂದಿಲ್ಲ."

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಚನ್ನವ್ವ ಇದನ್ನೆಲ್ಲ ಕೇಳಿಸಿಕೊಂಡಳು. 'ಇಬ್ಬರು ಬಂದ್ರ' ಅನ್ನುವ ಮಾತು ಅವಳ ಕಿವಿಯಲ್ಲಿ ಉಳಿಯಿತು.

ಒಣಗಿದರೆ ಬದಲಿಗೆ ಇರಲಿ ಎಂದು ಹತ್ತು ಸಸಿ ಹೆಚ್ಚಿಗೇ ಬಂದವು. ಗುರುವಾರ ಮುಹೂರ್ತವಿತ್ತು. ವಿರುಪಾಕ್ಷಪ್ಪ, ಅವನ ಹೆಂಡತಿ ಕೆಂಚವ್ವ ಇಬ್ಬರೇ ಹೋಗಿ ಬಾವಿಯ ಮಗ್ಗುಲಿಗೆ ಕಾಯಿ ಒಡೆದು ಮೊದಲ ಸಸಿ ನೆಟ್ಟರು. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ ಎಣಿಕೆ ಸಾಗುತ್ತದೆ. ಆ ರೂಢಿಯಂತೆ ಮುದುಕ ಸಸಿಯ ಬುಡಕ್ಕೆ ಮಣ್ಣು ಒತ್ತಿ "ಲಾಭ" ಎಂದ, ಮನೆಗೆ ಬಂದು ಹೋಳಿಗೆ ಉಂಡು ಮಲಗಿದ. ಆಳುಗಳು ಸಿಕ್ಕಿದ್ದು ಶನಿವಾರ. ಕಿರಿಯ ಮಗ ಅಣ್ಣಾಸಾಬ ನಿಂತು ನೆಡಿಸಿದ, ಎಲ್ಲರಿಗೂ ಕೇಳುವಂತೆ ಕೂಗಿ ಎಣಿಸಿದ. ಅಪ್ಪ ಆಗಲೇ ಲಾಭ ಅಂದಿದ್ದಾನೆ, ಎರಡು ಸಲ ಲಾಭ ಅನ್ನುವ ಪದ್ಧತಿಯಿಲ್ಲ, ಹಾಗಾಗಿ ಅವನು ಒಂದರಿಂದ ಸುರುಮಾಡಿದ.

ಪಡ ಚೆನ್ನಾಗಿ ಬಂತು. ಬಳ್ಳಿಗಳು ಚಪ್ಪರ ಏರಿದವು, ಮೂರನೆಯ ವರ್ಷಕ್ಕೆ ಹಣ್ಣು ಸಾಂಗಲಿಯ ಪೇಟೆಗೆ ಹೋಯಿತು. ಬಾವಿಯ ಮಗ್ಗುಲಿನ ಬಳ್ಳಿಯನ್ನು ಎಲ್ಲರೂ ಮೊದಲ ಸಾಲಿನ ಮೊದಲ ಬಳ್ಳಿ ಎಂದೇ ತಿಳಿದಿದ್ದರು, ಅದರ ಚಾಟನಿಯನ್ನು ಮಾತ್ರ ಮುದುಕ ತನ್ನ ಕೈಯಾರೆ ಮಾಡುತ್ತಿದ್ದ. ಹೊಳೆವ್ವ ವರ್ಷಕ್ಕೊಮ್ಮೆ ಪಡ ತಿರುಗಿ ಬರುವಳು. ಎಲ್ಲಿಯಾದರೂ ಬಳ್ಳಿ ಒಣಗಿದ್ದರೆ ಅದೇ ಗುಣಿಯಲ್ಲಿ ಹೊಸ ಸಸಿ ಹಾಕಿಸುವಳು. "ಸಂಖ್ಯೆ ಕೆಡಬಾರ್ದು" ಅನ್ನುವಳು. ಗಂಡ ನಗುತ್ತ ತಂದುಕೊಡುವನು. ಸತ್ತ ಬಳ್ಳಿಗಳನ್ನು ಅವಳು ಎಣಿಸಿದಳೇ ಹೊರತು ಬದುಕಿದ್ದವನ್ನು ಒಮ್ಮೆಯೂ ಎಣಿಸಲಿಲ್ಲ.

ಎಂಟು ವರ್ಷ ಹೀಗೆ ಸುಖವಾಗಿ ಹೋಯಿತು. ಮನೆಯಲ್ಲಿ ಹಿರಿಯ ಮಗ ರಾವಸಾಹೇಬನಿಗೆ ಮೂರು ಮಕ್ಕಳು, ಅಣ್ಣಾಸಾಬನಿಗೆ ಎರಡು. ಐದೂ ಒಂದೇ ಗಂಗಾಳದಲ್ಲಿ ಉಂಡು ಒಂದೇ ಕೌದಿಯೊಳಗೆ ಜಗಳಾಡುತ್ತಿದ್ದವು.

ತೊಂಬತ್ತಮೂರರಲ್ಲಿ ಅಣ್ಣತಮ್ಮರಿಗೆ ಹಣ್ಣಿನ ಮೇಲೆ ಮಾತಿಗೆ ಮಾತು ಬೆಳೆಯಿತು. ಹಸಿ ಹಣ್ಣು ಮಾರುವುದರಲ್ಲಿ ಸುಖವಿಲ್ಲ, ನೆರಳಿನ ಮನೆ ಕಟ್ಟಿ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡೋಣ ಅನ್ನುವವನು ರಾವಸಾಹೇಬ. ಒಂದು ಮಳೆ ಬಂದರೆ ಒಣಗಲು ಹಾಕಿದ್ದೆಲ್ಲ ಬೂಸರು, ಕೈಗೆ ಬಂದ ಹಣ್ಣು ಪೇಟೆಗೆ ಕಳಿಸೋಣ ಅನ್ನುವವನು ಅಣ್ಣಾಸಾಬ. ಇಬ್ಬರದೂ ಸರಿಯೇ. ಅದಕ್ಕೇ ಜಗಳ ಹರಿಯಲಿಲ್ಲ. ಒಂದು ಮುಂಜಾನೆ ರಾವಸಾಹೇಬ, "ಹಂಗಾರ ನನ್ನ ಪಾಲು ನನಗ ಕೊಡ್ರಿ" ಎಂದುಬಿಟ್ಟ.

ಮೊದಲು ಬಾಯಿ ತೆರೆದವಳು ಚನ್ನವ್ವ. ಅವಳಿಗೂ ಬೇರೆಯಾಗುವುದು ಬೇಕಿರಲಿಲ್ಲ, ಆ ಸಂಕಟಕ್ಕೆ ಯಾರನ್ನಾದರೂ ಬಯ್ಯಬೇಕಾಗಿತ್ತು. ಹೊಳೆವ್ವನ ಕಡೆ ತಿರುಗಿದಳು.

"ಆತಿಲ್ಲೋ ನಿನ್ನ ಮನಸಿನಂಗ? ಎಂಟ ವರ್ಷದ ಹಿಂದ ಸಸಿ ತರೂಕಿಂತ ಮೊದಲ ಪಾಲು ಮಾಡಿ ಇಟ್ಟಿದ್ದಿ. ಇಬ್ಬರಿಗೆ ಸಾವಿರದ ಎರಡನೂರಾ ಅರವತ್ತು ಅಂತ ನನ್ನ ಕಿವೀಲೆ ಕೇಳೇನಿ. ಒಂದೂ ಉಳೀಬಾರ್ದು ಅಂತ ಆರಿಸಿ ಆರಿಸಿ ಸಂಖ್ಯೆ ತಂದಿ. ನಾ ಚ್ಯಾಷ್ಟಿಗೆ ಅಂತಿದ್ದೆ, ನೀ ಖರೇನ ಮನಿ ಒಡದಿ."

ಸಂಖ್ಯೆ ಹೊಳೆವ್ವನದೇ, ಆರಿಸಿದವಳೂ ಅವಳೇ. ಆಳುಗಳು ಬಡಿದಾಡಬಾರದೆಂದು ಕೊಟ್ಟ ಧಾರಾಳದ ಸಂಖ್ಯೆ ಈಗ ಕೊಡಲಿಯಾಗಿ ಅವಳ ಕೈಯಲ್ಲೇ ನಿಂತಿತ್ತು. ಅಂದು ಅವಳು ಉಣ್ಣಲಿಲ್ಲ, ಆಮೇಲೂ ಹೊಟ್ಟೆ ತುಂಬ ಉಣ್ಣಲಿಲ್ಲ. ಗಂಡ ಸಮಾಧಾನ ಹೇಳಲು ಬಂದರೆ, "ಇನ್ನ ನಾ ಯಾವ ಅಂಕಿನೂ ಮುಟ್ಟೂದಿಲ್ರಿ" ಎಂದು ಅತ್ತಳು. ಮುಟ್ಟಲೂ ಇಲ್ಲ. ಅಥಣಿಯ ಬಸ್ಸು ಎದುರಿಗೆ ಬಂದು ನಿಂತರೂ ಅದರ ನಂಬರು ಕಾಣದಂತೆ ಸೆರಗು ಎಳೆದುಕೊಂಡಳು.

ಪಾಲು ಮಾಡಲು ಪಕ್ಕದ ಹೊಲದ ಮಹಾವೀರನನ್ನು ಕರೆದರು. ಜೈನರವನು, ವಯಸ್ಸಾದವನು, ಮಾತು ಕಡಿಮೆ. ಸುತ್ತಲಿನ ನಾಲ್ಕು ಊರಿನಲ್ಲಿ ಅವನು ಹಂಚಿದ್ದಕ್ಕೆ ಯಾರೂ ತಕರಾರು ತೆಗೆದದ್ದಿಲ್ಲ. ವಿರುಪಾಕ್ಷಪ್ಪ ಅವನಿಗೆ ಒಂದೇ ಮಾತು ಹೇಳಿದ. "ನನ್ನ ಸೊಸಿ ಹೇಳ್ಯಾಳ, ಈ ಪಡ ಹೆಂಗ ಹಂಚಿದ್ರೂ ಒಂದೂ ಉಳಿಯೂದಿಲ್ಲ ಅಂತ. ಹಂಗ ಸಮಾ ಹಂಚು, ನಾ ಸಹಿ ಮಾಡ್ತೇನಿ. ಒಂದ ಹೆಚ್ಚು ಒಂದ ಕಡಿಮಿ ಆದ್ರ ನಾ ಸಹಿ ಮಾಡಾಂವಲ್ಲ. ಹೆಚ್ಚಿನ ಒಂದ ಬಳ್ಳಿ ಸಲುವಾಗಿ ಮೊಮ್ಮಕ್ಕಳ ಕಾಲದಾಗ ತಲಿ ಒಡೀತಾವ."

ಮಹಾವೀರ ಬಾವಿಯ ಮಗ್ಗುಲಿನಿಂದ ಎಣಿಸಲು ಹೊರಟ. ಮೊದಲ ಬಳ್ಳಿ ಮುಟ್ಟಿ "ಲಾಭ" ಎಂದ, ಆಮೇಲೆ ಎರಡು, ಮೂರು, ನಾಲ್ಕು. ಅಣ್ಣತಮ್ಮರು ಹಿಂದೆ ಹಿಂದೆ ನಡೆದರು. ನೆತ್ತಿಯ ಮೇಲೆ ಸೂರ್ಯ ಬರುವ ಹೊತ್ತಿಗೆ ಕೊನೆಯ ಸಾಲಿನ ಕೊನೆಯ ಬಳ್ಳಿ ಬಂತು.

"ಎರಡು ಸಾವಿರದ ಐದನೂರಾ ಇಪ್ಪತ್ತೊಂದು" ಎಂದ ಮಹಾವೀರ.

"ಇಪ್ಪತ್ತು ಇರಬೇಕ್ರಿ" ಎಂದ ರಾವಸಾಹೇಬ. ತಾನೇ ಎಣಿಸಿದ. ಇಪ್ಪತ್ತೊಂದು. ಅಣ್ಣಾಸಾಬ ಸಾಲು ಸಾಲಾಗಿ ನೋಡಿಕೊಂಡು ಬಂದ. ನಲವತ್ತೊಂದು ಸಾಲಿನಲ್ಲಿ ಅರವತ್ತರವತ್ತು ಸರಿಯಾಗಿದ್ದವು, ಮೊದಲ ಸಾಲಿನಲ್ಲಿ ಮಾತ್ರ ಅರವತ್ತೊಂದು. ಎಲ್ಲರೂ ಬಾವಿಯ ಮಗ್ಗುಲಿನ ಬಳ್ಳಿಯ ಮುಂದೆ ನಿಂತರು. ಬುತ್ತಿ ಹೊತ್ತು ತಂದಿದ್ದ ಹೆಂಗಸರೂ ಅಲ್ಲಿಗೇ ಬಂದರು. ಹೊಳೆವ್ವ ಎಲ್ಲರ ಹಿಂದೆ, ತಂಬಿಗೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು.

ಕೆಂಚವ್ವ ಹಣೆ ಬಡಿದುಕೊಂಡಳು. "ಅಯ್ಯ, ಇದು ನಾವಿಬ್ಬರು ಗುರುವಾರ ನೆಟ್ಟದ್ದಲ್ಲೇನೋ! ನಿಮ್ಮಪ್ಪ ಲಾಭ ಅಂದ. ನೀ ಶನಿವಾರ ಎಷ್ಟರಿಂದ ಎಣಿಸಿದ್ಯೋ ಅಣ್ಣಾಸಾಬ?"

"ಒಂದರಿಂದ ಬೇ. ಅಪ್ಪ ಲಾಭ ಅಂದಿದ್ದ, ಒಂದು ಅಂದಿರಲಿಲ್ಲಲಾ."

ಮುದುಕ ಗದ್ದ ತುರಿಸಿಕೊಂಡ. "ನಾ ಲಾಭ ಅಂದ್ರ ಒಂದಂತ ತಿಳಿದೆ. ನೀ ಲಾಭ ಅಂದ್ರ ಲಾಭಂತ ತಿಳಿದಿ." ಇಷ್ಟು ವರ್ಷ ಒಂದು ಬಳ್ಳಿ ಲೆಕ್ಕದ ಹೊರಗೆ ಬೆಳೆದು, ಹೂತು ಹಣ್ಣು ಕೊಟ್ಟಿತ್ತು.

"ಇರ್ಲಿ, ಹೆಚ್ಚಿಂದು ತಮ್ಮ ತಗೊಳ್ಳಿ" ಎಂದ ರಾವಸಾಹೇಬ.

"ನನಗ ಬ್ಯಾಡ. ಅಣ್ಣಂದ ಕಸಗೊಂಡ ಅಂತಾರ. ನೀ ತಗೋ."

"ತಮ್ಮಂದ ತಿಂದ ಅಂತ ನಾ ಅನಿಸ್ಕೊಳ್ಲೇನು?"

ಪಾಲು ಕೇಳುವಾಗ ಇಲ್ಲದ ಸಂಕೋಚ ಒಂದು ಬಳ್ಳಿಗೆ ಬಂದಿತ್ತು. ಕೊನೆಗೆ ರಾವಸಾಹೇಬನಿಗೆ ಸಿಟ್ಟು ನೆತ್ತಿಗೇರಿ ಕುಡಗೋಲು ಎತ್ತಿದ. "ಕಡದ ಒಗೀತೇನಿ. ಸಮಾ ಆಗ್ತೈತಿ, ಹರೀತೈತಿ."

ಅವನ ಕೈ ಮೇಲಕ್ಕೆ ಹೋಯಿತು, ಕೆಳಗೆ ಬರಲಿಲ್ಲ. ಚನ್ನವ್ವ ಬುತ್ತಿ ಕೆಳಗೆ ಇಟ್ಟವಳೇ ಓಡಿಬಂದು ಮಾವ, ಮಹಾವೀರ ಎಲ್ಲರ ಎದುರಿಗೆ ಗಂಡನ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು.

"ಲಾಭ ಕಡೀತೀರೇನ್ರಿ? ಯಾರರ ಲಾಭ ಕಡದ ಉದ್ಧಾರ ಆಗ್ಯಾರೇನು? ಕಡ್ಯಾಕ ಬಿಡೂದಿಲ್ಲ ನಾ. ಕೊಡ್ರಿ ಇಲ್ಲೆ." ಕುಡಗೋಲು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಹಿಂದೆ ತಿರುಗಿ, ಹದಿನೈದು ದಿನದಿಂದ ಮಾತು ಬಿಟ್ಟಿದ್ದವಳನ್ನು ಕರೆದಳು. "ಏ ಹೊಳೆವ್ವಾ, ಬಾ ಮುಂದ. ಕಡೀದಂಗ ಇದು ಸಮಾ ಆಗ್ತೈತೇನು ನೀನ ಹೇಳು."

ಹೊಳೆವ್ವ ಮುಂದೆ ಬಂದಳು. ಮುಟ್ಟುವುದಿಲ್ಲ ಎಂದು ಆಣೆ ಇಟ್ಟುಕೊಂಡಿದ್ದ ಸಂಖ್ಯೆ ಎದುರಿಗೆ ನಿಂತಿತ್ತು. "ಎರಡು ಪಾಲು ಮಾಡಿದ್ರ ಒಂದು ಉಳೀತೈತಿ" ಎಂದಳು ಮೆಲ್ಲಗೆ.

"ಅಪ್ಪಗೊಂದು ಪಾಲು ಇಟ್ಟು ಮೂರು ಮಾಡಿದ್ರ?" ರಾವಸಾಹೇಬ ಕೇಳಿದ.

"ಒಂದು ಉಳೀತೈತ್ರಿ ಭಾವಾರ."

"ಅವ್ವಗ ಬ್ಯಾರೆ, ನಾಕು?"

"ಒಂದು."

"ಮೊಮ್ಮಕ್ಕಳ ಹೆಸರಿಲೆ ಐದು?" ಎಂದಳು ಕೆಂಚವ್ವ.

"ಒಂದರೀ ಅತ್ತಿ. ಹತ್ತರ ತನಕ ಹೆಂಗ ಮಾಡಿದ್ರೂ ಒಂದ ಉಳೀತೈತಿ. ಎರಡು ಸಾವಿರದ ಐದನೂರಾ ಇಪ್ಪತ್ತಕ್ಕ ಎಲ್ಲಾರೂ ಪಾಲುದಾರರು, ಅದರ ಮ್ಯಾಲೆ ಒಂದು ಕೂತರ ಎಲ್ಲಾರಿಗೂ ಅಷ್ಟ ಉಳೀತೈತಿ."

"ಮನ್ಯಾಗ ಹನ್ನೊಂದು ತಲಿ ಅದಾವ, ತಲಿಗೊಂದು ಪಾಲು?" ಎಂದ ಅಣ್ಣಾಸಾಬ.

ಹೊಳೆವ್ವ ಅರೆಗಳಿಗೆ ಕಣ್ಣು ಮುಚ್ಚಿದಳು. "ಎರಡು ಉಳೀತಾವ."

"ಇದು ಇನ್ನೂ ಹೆಚ್ಚಾತಲಾ!" ಎಂದ ಮಹಾವೀರ. ಮಾತು ಕಡಿಮೆಯ ಮನುಷ್ಯ ನಕ್ಕಿದ್ದನ್ನು ಅಂದು ಅನಂತಪುರ ಕಂಡಿತು.

ಹೊಳೆವ್ವನಿಗೆ ಈಗ ಆಣೆ ನೆನಪಿರಲಿಲ್ಲ. ನೆಲಕ್ಕೆ ಕುಳಿತು ಬಾವಿ ದಂಡೆಯ ಹಸಿ ಮಣ್ಣಿನಲ್ಲಿ ಬೆರಳಿನಿಂದ ಬರೆಯತೊಡಗಿದಳು. ಹದಿಮೂರರಿಂದ ಹನ್ನೆರಡು ಉಳಿಯಿತು. ಹದಿನೇಳರಿಂದ ಐದು. ಹತ್ತೊಂಬತ್ತರಿಂದ ಹದಿಮೂರು. ಇಪ್ಪತ್ತಮೂರು, ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ತೇಳು, ಯಾವುದಕ್ಕೂ ಅದು ಬಗ್ಗಲಿಲ್ಲ. ಬುತ್ತಿಯ ಮೇಲೆ ನೊಣ ಕೂರುತ್ತಿದ್ದವು, ಯಾರಿಗೂ ಉಣ್ಣುವ ನೆನಪಿಲ್ಲ. ಒಂದೊಂದು ಭಾಗಾಕಾರ ಮುಗಿದಾಗಲೂ ಚನ್ನವ್ವ ಬಗ್ಗಿ "ಹರೀತೇನು?" ಅನ್ನುವಳು. "ಇಲ್ಲಕ್ಕಾ" ಎಂದಾಗ ಅವಳ ಮುಖ ಇನ್ನಷ್ಟು ಗೆಲುವಾಗುವುದು. ನಲವತ್ತೊಂದು, ನಲವತ್ತಮೂರು ಆದವು. ನಲವತ್ತೇಳಕ್ಕೆ ಮೂವತ್ತು ಉಳಿಯಿತು.

"ಇನ್ನ ಮುಂದ ನೋಡೂದ ಬ್ಯಾಡ. ಐವತ್ತೊಂದು ಐವತ್ತೊಂದಲೆ ಇದನ್ನ ದಾಟಿ ಹೋಗ್ತೈತಿ. ದೊಡ್ಡದೊಂದರಿಂದ ಒಡ್ಯಾಕ ಬರ್ತಿದ್ರ, ಅದರ ಜೋಡಿ ಸಣ್ಣದು ಇಷ್ಟರಾಗ ಸಿಗಬೇಕಿತ್ತು." ಹೊಳೆವ್ವ ಎದ್ದು ಕೈ ಝಾಡಿಸಿದಳು. "ಇದು ಒಡಿಯೂದಿಲ್ರಿ. ಮಾಡಿದ್ರ ಒಂದ ಪಾಲು ಮಾಡಬೇಕು, ಇಲ್ಲಂದ್ರ ಬಳ್ಳಿಗೊಂದರಂಗ ಎರಡು ಸಾವಿರದ ಐದನೂರಾ ಇಪ್ಪತ್ತೊಂದು ಪಾಲು ಮಾಡಬೇಕು. ನಡುವ ಬ್ಯಾರೆ ದಾರಿ ಇಲ್ಲ."

ಮಹಾವೀರ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. "ನನಗ ವಯಸ್ಸಾತಪ. ಒಂದ ಪಾಲು ಆದ್ರ ಮಾಡ್ತೇನಿ, ಅಷ್ಟೆಲ್ಲಾ ಆಗೂದಿಲ್ಲ."

ಅಣ್ಣತಮ್ಮರಲ್ಲಿ ಮೊದಲು ನಕ್ಕವನು ಅಣ್ಣಾಸಾಬ. ರಾವಸಾಹೇಬ ತಡೆದು ತಡೆದು ನೋಡಿದ, ಅವನಿಂದಲೂ ಆಗಲಿಲ್ಲ. ನಕ್ಕ ಬಾಯಲ್ಲಿ ಮತ್ತೆ ಪಾಲು ಕೇಳುವುದು ಹೇಗೆ? ಉಣ್ಣುತ್ತ ಉಣ್ಣುತ್ತ ಅಣ್ಣತಮ್ಮರೇ ದಾರಿ ಹುಡುಕಿದರು. ಮೇಲಿನ ಇಪ್ಪತ್ತೊಂದು ಸಾಲಿನ ಹಣ್ಣು ಮಣೂಕಕ್ಕೆ, ಕೆಳಗಿನ ಇಪ್ಪತ್ತೊಂದು ಸಾಲಿನದು ಪೇಟೆಗೆ, ಲಾಭದ ಬಳ್ಳಿಯದು ಮನೆಯ ಮಕ್ಕಳಿಗೆ. ಹಣ್ಣು ಎರಡು ದಾರಿ ಹಿಡಿದರೆ ಮನೆ ಎರಡಾಗಬೇಕಿಲ್ಲ ಎಂಬ ಸಣ್ಣ ಮಾತು ಅವರಿಗೆ ಹೊಳೆಯಲು ಇಷ್ಟೆಲ್ಲ ಎಣಿಕೆ ಬೇಕಾಯಿತು. ಗಂಡಸರ ತಲೆ, ಏನು ಮಾಡುವುದು.

ಹೊಳೆವ್ವ ಎಲ್ಲರಿಗೂ ಮಜ್ಜಿಗೆ ಬಡಿಸುತ್ತಿದ್ದಳು. ಚನ್ನವ್ವನ ಸರದಿ ಬಂದಾಗ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ತಪ್ಪಾಯಿತು ಎಂದು ಹೇಳುವುದು ಚನ್ನವ್ವನಿಗೆ ಹುಟ್ಟಿನಿಂದಲೇ ಬರುತ್ತಿರಲಿಲ್ಲ. ಮಹಾವೀರನೇ ದಾರಿ ಮಾಡಿಕೊಟ್ಟ.

"ಚನ್ನವ್ವಾ, ನಾಕ ಮಂದಿ ಎದುರಿಗೆ ಗಂಡನ ಕೈ ಹಿಡದಿ. ಈಗ ಹೆಸರು ಹೇಳದಿದ್ರ ಹೆಂಗ? ಒಂದ ಒಡಪು ಬರ್ಲಿ."

ಕೆಂಚವ್ವ ಹೌದು ಹೌದು ಎಂದು ಕೈತಟ್ಟಿದಳು. ಚನ್ನವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಸೊಂಟದಲ್ಲಿ ಕುಡಗೋಲು ಇನ್ನೂ ಇತ್ತು. ತುಸು ಯೋಚಿಸಿ, ಗಂಡನ ಕಡೆ ನೋಡದೆ, ನೆಟ್ಟಗೆ ಹೊಳೆವ್ವನನ್ನೇ ನೋಡುತ್ತ ಹೇಳಿದಳು.

"ಹೆಂಗ ಎಣಿಸಿದ್ರೂ ಎರಡು ಸಾವಿರದ ಐದನೂರಾ ಇಪ್ಪತ್ತೊಂದು, ರಾವಸಾಹೇಬರ ಮನಿ ಇವತ್ತಿಗೂ ಒಂದು."

ಹೊಳೆವ್ವನ ಕೈಯಲ್ಲಿದ್ದ ಮಜ್ಜಿಗೆ ತುಳುಕಿ ಚನ್ನವ್ವನ ರೊಟ್ಟಿಯ ಮೇಲೆಲ್ಲ ಚೆಲ್ಲಿತು. ಬೇರೆ ದಿನವಾಗಿದ್ದರೆ ಬೈಗುಳ ಬೀಳುತ್ತಿತ್ತು. ಅಂದು ಚನ್ನವ್ವ ಆ ತೊಯ್ದ ರೊಟ್ಟಿ ಮುರಿದು, ಅರ್ಧ ತಾನಿಟ್ಟುಕೊಂಡು ಅರ್ಧ ಅವಳ ಕೈಗೆ ಕೊಟ್ಟು, "ಕೂಡವ್ವಾ, ಉಣ್ಣು. ಹದಿನೈದ ದಿನಾ ಆತು ನೀ ಉಂಡು" ಎಂದಳು.